ಹಾಸನದಲ್ಲಿ ವೇಷ ಹಾಕಿ ಚದುರಂಗ: ಒಂಟೆ ಪಾತ್ರ ಸಿಕ್ಕಿದೆ, ತಯಾರಿ ಹೇಗೆ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಅನಿಮೆ, ಕಾಮಿಕ್ಸ್ ಹುಚ್ಚಿರುವ ಒಂದಷ್ಟು ಜನ ಸೇರಿ ಡಿಸೆಂಬರ್‌ನಲ್ಲಿ ಒಂದು ದಿನದ ಅಭಿಮಾನಿಗಳ ಮೇಳ ಮಾಡುತ್ತಿದ್ದೇವೆ. ಇಷ್ಟು ದಿನ ಬಸ್ ಹತ್ತಿ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗಿ ಬರುತ್ತಿದ್ದವರೇ ಎಲ್ಲರೂ. ಸಂಜೆಗೆ ಕಾಸ್‌ಪ್ಲೇ ಚೆಸ್ ಇಟ್ಟಿದ್ದಾರೆ. ಮೈದಾನದಲ್ಲಿ ದೊಡ್ಡ ಚೆಸ್ ಹಾಸು, ಕಾಯಿಗಳ ಬದಲು ವೇಷ ಹಾಕಿದ ನಾವು. ಒಂದು ಕಾಯಿ ಇನ್ನೊಂದನ್ನು ಹೊಡೆದಾಗ ಇಬ್ಬರೂ ಕಾದಾಡಿ ತೋರಿಸಬೇಕು. ನನಗೆ ಕಪ್ಪು ಕಡೆಯ ಒಂಟೆ (ಬಿಷಪ್) ಕೊಟ್ಟಿದ್ದಾರೆ. ಆಟ ಮೊದಲೇ ನಿಗದಿಯಾಗಿದೆ, 1858ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿ ಆಡಿದ ಆಟವಂತೆ. ನನಗೆ ಕಾಯಿ ನಡೆಸುವಷ್ಟು ಚೆಸ್ ಗೊತ್ತು, ಅಷ್ಟೇ. ದೊಡ್ಡ ರೆಕ್ಕೆ, ಎದೆಕವಚ, ಆಳೆತ್ತರದ ಕತ್ತಿ, ಇಷ್ಟೂ ಇರುವ ವೇಷ ಮನಸ್ಸಿನಲ್ಲಿದೆ. ವೇಷಕ್ಕೆ ಏನು ಬಳಸಲಿ? ಕಾದಾಟ ಹೇಗೆ ಕಲಿಯಲಿ? ಇಂಥದ್ದರಲ್ಲಿ ನಿಂತು ಬಂದವರು ದಯವಿಟ್ಟು ಹೇಳಿ.

ಬಿಳಿ ಆನೆ ಆಗಿದ್ದವನು

ಯಾವ ಒಂಟೆ ಅಂತ ಮೊದಲು ಕೇಳಿಕೊಂಡು ಬನ್ನಿ. ಅದು ಗೊತ್ತಾಗುವ ತನಕ ಫೋಮ್ ಅಂಗಡಿ ಕಡೆ ತಲೆ ಹಾಕಬೇಡಿ.

ಕಾರಣ ಹೇಳುತ್ತೇನೆ. ಕಾಲೇಜು ಫೆಸ್ಟ್‌ನಲ್ಲಿ ನಾವು ಮಾಡಿದ್ದೂ ಇದೇ ಆಟ. ಇಂಥ ಪ್ರದರ್ಶನಕ್ಕೆ ಇದು ತುಂಬಾ ಚೆನ್ನಾಗಿ ಒಗ್ಗುತ್ತದೆ. ಮಾರ್ಫಿಗೆ ಆಗ 21 ವರ್ಷ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್, ಇಬ್ಬರೂ ಸೇರಿ ಯೋಚನೆ ಮಾಡಿ ಆಡಿದ್ದು. ಜಾಗ ಒಪೆರಾ ಮನೆ. 17ನೇ ನಡೆಗೆ ಚೆಕ್‌ಮೇಟ್. ಅಷ್ಟರೊಳಗೆ 12 ಕಾಯಿ ಸಾಯುತ್ತವೆ. ಅಂದರೆ 12 ಕಾದಾಟ. ಒಂದಕ್ಕೆ ಅರ್ಧ ಮುಕ್ಕಾಲು ನಿಮಿಷ ಕೊಟ್ಟು, ನಡುವೆ ನಿರೂಪಕರ ಮಾತು ಸೇರಿಸಿದರೆ ಮುಕ್ಕಾಲು ಗಂಟೆಯ ಒಳ್ಳೆ ಕಾರ್ಯಕ್ರಮ.

ಈಗ ಒಂಟೆಗಳ ಹಣೆಬರಹ ನೋಡಿ. ಮನೆಗಳ ಹೆಸರು ಹೀಗೆ: ಬಿಳಿ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎಯಿಂದ ಎಚ್ ತನಕ ಅಕ್ಷರ, ಬಿಳಿ ಕಡೆಯಿಂದ ಕಪ್ಪು ಕಡೆಗೆ 1ರಿಂದ 8ರ ತನಕ ಅಂಕಿ. ಕಪ್ಪಿನ ಸಿ8 ಒಂಟೆ 3ನೇ ನಡೆಗೆ ಜಿ4ಕ್ಕೆ ಬರುತ್ತದೆ, 4ನೆಯದಕ್ಕೆ ಎಫ್3ರಲ್ಲಿರುವ ಕುದುರೆಯನ್ನು ಹೊಡೆಯುತ್ತದೆ, 5ನೆಯದಕ್ಕೆ ಬಿಳಿ ಮಂತ್ರಿ ಕೈಯಲ್ಲಿ ಸಾಯುತ್ತದೆ. ಆ ಪಾತ್ರದವರು ಬೇಗ ವೇಷ ಬಿಚ್ಚಿ, ಬೋಂಡ ತಿನ್ನುತ್ತಾ ಉಳಿದ ಆಟ ನೋಡಬಹುದು. ಬಿಳಿ ಕಡೆಯ ಎಫ್1 ಒಂಟೆಗೆ ಮೂರು ಕಾದಾಟ, ಎರಡರಲ್ಲಿ ಗೆಲುವು, ಕೊನೆಯದರಲ್ಲಿ ಸಾವು. ಬಿಳಿಯ ಇನ್ನೊಂದು ಒಂಟೆ 9ನೇ ನಡೆಗೆ ಜಿ5ಕ್ಕೆ ಬಂದು ನಿಂತರೆ ಆಟ ಮುಗಿಯುವ ತನಕ ಕದಲುವುದಿಲ್ಲ. ಕಪ್ಪಿನ ಎಫ್8 ಒಂಟೆ ಇದ್ದಲ್ಲೇ ಇರುತ್ತದೆ. ಒಂದು ಹೆಜ್ಜೆ ಕೂಡ ಇಡುವುದಿಲ್ಲ.

ಓಡಾಡಿ ಕಾದಾಡುವವರಿಗೆ ಬೇಕಾದ ವೇಷ ಬೇರೆ. ನಿಂತೇ ಇರುವವರಿಗೆ ಬೇಕಾದದ್ದು ಬೇರೆ. ಸಿ8 ಆದರೆ ಆ ರೆಕ್ಕೆ ಮರೆತುಬಿಡಿ, ಜಿ4ಕ್ಕೆ ಹೋಗುವಷ್ಟರಲ್ಲಿ ಯಾರ ಕಣ್ಣಿಗೆ ತಿವಿಯುತ್ತದೋ ಗೊತ್ತಿಲ್ಲ.

ನಿಮ್ಮ ಸಂಘಟಕರಿಗೂ ಎರಡು ಮಾತು ಮುಟ್ಟಿಸಿ. ಒಂದು, ಡಿ7 ಮನೆ. 13ನೇ ನಡೆಗೆ ಬಿಳಿ ಆನೆ ಅಲ್ಲಿದ್ದ ಕುದುರೆಯನ್ನು ಹೊಡೆಯುತ್ತದೆ. ಕಪ್ಪು ಆನೆ ಬಂದು ಆ ಆನೆಯನ್ನು ಹೊಡೆಯುತ್ತದೆ. 15ನೆಯದಕ್ಕೆ ಬಿಳಿ ಒಂಟೆ ಆ ಕಪ್ಪು ಆನೆಯನ್ನು, ಅದರ ಹಿಂದೆಯೇ ಕಪ್ಪು ಕುದುರೆ ಆ ಒಂಟೆಯನ್ನು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಸಾವು. ನಾಲ್ಕೂ ಕತ್ತಿ ಕಾಳಗವೇ ಆದರೆ ಜನ ಮೊಬೈಲ್ ತೆಗೆಯುತ್ತಾರೆ. ನಾವು ಒಂದನ್ನು ನಗೆಯಾಟ ಮಾಡಿದ್ದೆವು, ಒಂದನ್ನು ಬರಿಗೈ ಕುಸ್ತಿ. ಕೊನೆಯದು ಒಂದೇ ಏಟು, ಧೊಪ್ ಅಂತ ಬಿದ್ದಿದ್ದು. ಅದಕ್ಕೇ ಜಾಸ್ತಿ ಚಪ್ಪಾಳೆ ಬಿತ್ತು. ಸತ್ತವರು ಎಲ್ಲಿಂದ ಹೊರಗೆ ಹೋಗಬೇಕು ಅಂತಲೂ ಮೊದಲೇ ತೀರ್ಮಾನ ಆಗಲಿ. ಆ ಹೊತ್ತಿಗೆ ಸಿ7, ಸಿ8 ಎರಡೂ ಖಾಲಿ ಇರುತ್ತವೆ, ಅದೇ ದಾರಿ.

ಎರಡು, 12ನೇ ನಡೆಯ ಕ್ಯಾಸಲಿಂಗ್, ಅಂದರೆ ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸುವುದು. ಬಿಳಿ ರಾಜ ಇ1ರಿಂದ ಸಿ1ಕ್ಕೆ, ಆನೆ ಎ1ರಿಂದ ಡಿ1ಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ದಾಟಬೇಕು. ರಾಜನ ವೇಷಕ್ಕೆ ನೆಲ ಗುಡಿಸುವ ಉದ್ದದ ಮೇಲುಹೊದಿಕೆ ಇಲ್ಲದಿದ್ದರೆ ಯಾರಿಗೂ ಸಮಾಧಾನವಿಲ್ಲ, ಅಲ್ವಾ? ಆನೆ ಅದರ ಮೇಲೆಯೇ ಕಾಲಿಡುತ್ತದೆ. ರಾಜ ಮೊದಲು ಬಂದು ನಿಂತು, ಹೊದಿಕೆಯನ್ನು ಕೈಗೆ ಸುತ್ತಿಕೊಳ್ಳಲಿ. ಆಮೇಲೆ ಆನೆ ಬೆನ್ನ ಹಿಂದಿನಿಂದ ಸುತ್ತಿ ಬರಲಿ.

ಕೇಳಿದವರು

ವಿಚಾರಿಸಿದೆ. ಎಫ್8 ಅಂತೆ. ಅಂದರೆ ಮುಕ್ಕಾಲು ಗಂಟೆ ನಾನು ಸುಮ್ನೆ ನಿಂತಿರಬೇಕಾ? ಬೇರೆ ಪಾತ್ರ ಕೊಡಿ ಅಂತ ಕೇಳಲಾ?

ಬಿಳಿ ಆನೆ ಆಗಿದ್ದವನು

ಕೇಳಬೇಡಿ ಗುರು! ಆ ಜಾಗವನ್ನು ಯಾರಿಗೂ ಬಿಟ್ಟುಕೊಡಬೇಡಿ.

ಕೊನೆಯ ನಡೆ ನೋಡಿ. ಬಿಳಿ ಆನೆ ಡಿ8ಕ್ಕೆ ಬಂದು ಚೆಕ್ ಕೊಡುತ್ತದೆ. ಕಪ್ಪು ರಾಜ ಇ8ರಲ್ಲಿದ್ದಾನೆ. ಆನೆಯನ್ನು ಹೊಡೆಯೋಣ ಅಂದರೆ ಜಿ5ರ ಒಂಟೆ ಅದರ ಬೆನ್ನಿಗಿದೆ. ಇ7ಕ್ಕೆ ಹೋಗೋಣ ಅಂದರೆ ಅದೂ ಆ ಒಂಟೆಯ ದಾರಿಯಲ್ಲೇ ಇದೆ. ಡಿ7ಕ್ಕೆ ಬಂದರೆ ಆನೆ ಹಿಡಿಯುತ್ತದೆ. ಎಫ್7ರಲ್ಲಿ ತನ್ನದೇ ಪದಾತಿ. ಉಳಿದದ್ದು ಎಫ್8. ಅಲ್ಲಿ ಯಾರಿದ್ದಾರೆ? ನೀವು! ಇಡೀ ಆಟ ಕೈಕಟ್ಟಿ ನಿಂತು, ಕೊನೆಗೆ ಸ್ವಂತ ರಾಜನಿಗೇ ದಾರಿ ಅಡ್ಡ ಹಾಕುವ ಒಂಟೆ.

ಇದನ್ನು ಆಡಿ ತೋರಿಸಿ. ಮೊದಲಿನಿಂದಲೂ ನಿದ್ದೆ ಹೊಡೆಯಿರಿ. ಪಕ್ಕದಲ್ಲಿ ಯುದ್ಧ ಆಗುತ್ತಿದ್ದರೆ ಉಗುರು ನೋಡಿಕೊಳ್ಳಿ, ಆಕಳಿಸಿ. ಕೊನೆಗೆ ರಾಜ ಓಡಿ ಬಂದು ನಿಮ್ಮನ್ನು ತಳ್ಳಲಿ, ನೀವು ಜಗ್ಗಬೇಡಿ. ಆಗ ರೆಕ್ಕೆ ಬಿಚ್ಚಿ. ಪೂರಾ. ಅಲ್ಲಿಯ ತನಕ ಅದು ಬೆನ್ನಿಗೆ ಮಡಚಿಕೊಂಡಿರಲಿ. ಬಿಚ್ಚಿದಾಗ ಹಿಂದಿನ ಸಾಲಿನಲ್ಲಿ ಕೂತವರಿಗೂ ಗೊತ್ತಾಗಬೇಕು, ರಾಜನಿಗೆ ದಾರಿ ಇಲ್ಲ ಅಂತ. ಚೆಸ್ ಬಾರದವರಿಗೂ ಚೆಕ್‌ಮೇಟ್ ಅರ್ಥವಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಚಿಕ್ಕಮಗಳೂರಿನಿಂದ, ವೇಷ ಹೊಲಿಯುವವಳು

ಮಡಚುವ ರೆಕ್ಕೆ ಅಂದಿದ್ದಕ್ಕೆ ಬಂದೆ. ಆಗುತ್ತದೆ, ಮಾಡಿದ್ದೇನೆ. ಎರಡೂ ರೆಕ್ಕೆಗೆ ತೆಳುವಾದ ಅಲ್ಯೂಮಿನಿಯಂ ಪಟ್ಟಿ, ಬುಡದಲ್ಲಿ ಬಾಗಿಲಿನ ಸಣ್ಣ ತಿರುಗಣೆ, ಹೆಗಲ ಮೇಲಿಂದ ಸೊಂಟಕ್ಕೆ ಒಂದು ನೈಲಾನ್ ದಾರ. ದಾರ ಎಳೆದರೆ ಬಿಚ್ಚಬೇಕು, ಬಿಟ್ಟರೆ ಎಲಾಸ್ಟಿಕ್ ಎಳೆದು ಮಡಚಬೇಕು. ಭಾರವೆಲ್ಲ ಹೆಗಲಿಗೆ ಬಿದ್ದರೆ ಸ್ವಲ್ಪ ಹೊತ್ತಿಗೇ ಕುತ್ತಿಗೆ ಹಿಡಿಯುತ್ತದೆ. ಶಾಲೆ ಬ್ಯಾಗಿನ ಪಟ್ಟಿ ಹಾಕಿ, ಸೊಂಟಕ್ಕೂ ಬೆಲ್ಟ್ ಕೊಡಿ.

ಹಾಸಿನ ಮನೆ ಎಷ್ಟು ಅಡಿ ಅಂತ ಕೇಳಿದ್ದೀರಾ? ಮೂರು ಅಡಿಯ ಮನೆಯಾದರೆ ಇಡೀ ಹಾಸು 24 ಅಡಿ ಚದರ, ನಾಲ್ಕು ಅಡಿಯದಾದರೆ 32. ಮೂರು ಅಡಿ ಅಂದರೆ ಎರಡೂ ಮೊಣಕೈ ಅಗಲಿಸಿದರೆ ಮುಗಿಯಿತು. ಮಡಚಿದ ರೆಕ್ಕೆ ಅದರೊಳಗೆ ಕೂರಬೇಕು, ಯಾಕೆಂದರೆ ಎಡಬಲದಲ್ಲಿ ರಾಜನೂ ಕುದುರೆಯೂ ಇರುತ್ತಾರೆ. ಕುದುರೆ 6ನೇ ನಡೆಗೆ ಹೋಗಿಬಿಡುತ್ತದೆ. ರಾಜ ಎಲ್ಲಿಗೂ ಹೋಗುವುದಿಲ್ಲ.

ಕವಚಕ್ಕೆ ಇವಿಎ ಫೋಮ್ ಶೀಟ್, ಅಂದರೆ ರಬ್ಬರಿನಂಥ ಹಗುರ ಹಾಳೆ. ಎದೆಗೆ 10 ಎಂಎಂ, ತೋಳಿಗೆ, ಅಂಚಿನ ಕೆಲಸಕ್ಕೆ 5 ಎಂಎಂ. ಹಳೆಯ ಯೋಗ ಮ್ಯಾಟ್‌ನಲ್ಲಿ ಮೊದಲು ಒಂದು ಕತ್ತರಿಸಿ ಮೈಗೆ ಹಿಡಿದು ನೋಡಿ, ಆಮೇಲೆ ಒಳ್ಳೆ ಶೀಟಿಗೆ ಕೈ ಹಾಕಿ. ಕಟ್ಟರ್ ಬ್ಲೇಡ್ ಹೊಸದಿರಲಿ, ಮೊಂಡಾದರೆ ಅಂಚು ಹರಿದು ನಾರುನಾರು. ಅಂಟಿಗೆ ಫೆವಿಕಾಲ್ ಎಸ್‌ಆರ್ ಥರದ ರಬ್ಬರ್ ಅಂಟು. ಇಲ್ಲಿ ತಾಳ್ಮೆ ಬೇಕು. ಎರಡೂ ಕಡೆ ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಸೇರಿಸಿ ಒತ್ತಬೇಕು. ಹಸಿಯಲ್ಲೇ ಸೇರಿಸಿದರೆ ಜಾರುತ್ತಲೇ ಇರುತ್ತದೆ. ಸರಿಯಾಗಿ ಒಣಗಿಸಿ ಒತ್ತಿದ ಮೇಲೆ ಬಿಡಿಸಲು ಬರುವುದಿಲ್ಲ, ಹಾಗಾಗಿ ಒತ್ತುವ ಮೊದಲೇ ಅಂಚು ನೋಡಿ ಕೂರಿಸಿ. ಬಣ್ಣಕ್ಕೆ ಮುಂಚೆ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಆಡಿಸಿದರೆ ಫೋಮಿನ ಸಣ್ಣ ತೂತು ಮುಚ್ಚಿ ಮೇಲ್ಮೈ ನಯವಾಗುತ್ತದೆ. ಅದರ ಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್ ಎರಡು ಮೂರು ಕೈ, ಆಮೇಲೆ ಅಕ್ರಿಲಿಕ್ ಬಣ್ಣ. ಇದೆಲ್ಲ ಕಿಟಕಿ ತೆಗೆದು ಮಾಡಿ, ಆ ಅಂಟಿನ ವಾಸನೆ ತಲೆ ತಿರುಗಿಸುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ, ಯಾವುದೂ ಒಣಗದು ಮಾರಾಯ್ರೆ.

ಕತ್ತಿಗೆ ಅರ್ಧ ಇಂಚಿನ ಪಿವಿಸಿ ಪೈಪ್ ಒಳಗೆ, ಸುತ್ತ ಫೋಮ್. ತುದಿಯಲ್ಲಿ ಪೈಪ್ ನಿಂತ ಮೇಲೂ ಎರಡು ಇಂಚು ಬರೀ ಫೋಮ್ ಇರಬೇಕು. ಲೋಹದ ಕತ್ತಿಯನ್ನು ದೊಡ್ಡ ಮೇಳಗಳಲ್ಲಿ ಬಾಗಿಲಲ್ಲೇ ತಡೆಯುತ್ತಾರೆ. ನಿಮ್ಮಲ್ಲಿ ತಡೆಯುವವರಿಲ್ಲ ಅಂತ ತರಬೇಡಿ. ಹಾಗೆ ನೋಡಿದರೆ ನಿಮಗೆ ಕತ್ತಿ ಯಾಕೆ? ಒರಗಿಕೊಂಡು ನಿದ್ದೆ ಮಾಡಲು ಒಂದು ಕೋಲು ಸಾಕು.

ಅರಕಲಗೂಡು ಕಡೆಯವನು

ನಮ್ಮ ಸೋದರಮಾವ ಡ್ರಾಮಾ ಮೇಷ್ಟ್ರು. ಹಳ್ಳಿಗಳಲ್ಲಿ ಹಬ್ಬ ಜಾತ್ರೆಗೆ ಕುರುಕ್ಷೇತ್ರ ಕಲಿಸುತ್ತಾರೆ. ಈ ಪ್ರಶ್ನೆ ಅವರಿಗೆ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಹೊಡೆಯುವವನಿಗಿಂತ ಹೊಡೆಸಿಕೊಳ್ಳುವವನು ಚೆನ್ನಾಗಿರಬೇಕಂತೆ. ಗದೆ ಮೈಗೆ ಒಂದು ಮೊಳ ದೂರದಲ್ಲೇ ನಿಲ್ಲುತ್ತದೆ, ತಾಗಿದ್ದು ಜನಕ್ಕೆ ಕಾಣುವುದು ದುರ್ಯೋಧನನ ಮುಖದಲ್ಲಿ. ಏಟು ಬೀಸುವ ಮೊದಲು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅವನು ನೋಡಿದ, ತಯಾರಿದ್ದಾನೆ ಅಂತ ಖಾತ್ರಿಯಾದರೆ ಮಾತ್ರ ಬೀಸುವುದು. ಅವನ ಗಮನ ಬೇರೆ ಕಡೆ ಇದ್ದರೆ ಒಂದು ಮಾತು ಜಾಸ್ತಿ ಆಡಿ ಕಾಯಬೇಕು, ಕೈ ಎತ್ತಬಾರದು. ಮುಖದ ಎತ್ತರಕ್ಕೆ ಏನೂ ಬೀಸಬಾರದು. ಸದ್ದು ತಬಲದವನಿಗೆ ಬಿಡಬೇಕು. ನಿಮ್ಮಲ್ಲಿ ತಬಲ ಇರದು, ಸೌಂಡ್ ಬಾಕ್ಸ್‌ನವರಿಗೆ ಹೇಳಿ, ಇಲ್ಲವೇ ಬೀಳುವವನೇ ತೊಡೆಗೆ ಚಟೀರ್ ಅಂತ ತಟ್ಟಿಕೊಳ್ಳಲಿ.

ಕಲಿಯುವಾಗ ಅರ್ಧ ವೇಗದಲ್ಲಿ. ಬಾಯಲ್ಲಿ ಎಣಿಸುತ್ತಾ. ಆಡುವ ದಿನವೂ ಮುಕ್ಕಾಲು ವೇಗ ದಾಟಬಾರದು. ಚಪ್ಪಾಳೆ ಕೇಳಿದರೆ ಕೈ ತಾನಾಗೇ ಜೋರಾಗುತ್ತದೆ, ಅದು ಅವರ ದೊಡ್ಡ ದೂರು. ಕೊನೆಯ ಒಂದೆರಡು ತಾಲೀಮು ಪೂರ್ತಿ ವೇಷದಲ್ಲೇ ಆಗಬೇಕು. ಬರಿಮೈಯಲ್ಲಿ ಬಗ್ಗಿದಷ್ಟು ಕವಚ ಹಾಕಿಕೊಂಡು ಬಗ್ಗಲು ಬರುವುದಿಲ್ಲ.

ಕೊಂದ ಮೇಲೆ ಒಂದು ಕ್ಷಣ ಹಾಗೇ ನಿಲ್ಲಬೇಕು. ಬೇಲೂರಿನ ಸಳನನ್ನು ನೋಡಿ ಬನ್ನಿ ಅಂದರು. ಮೃಗದ ಮೇಲೆ ಆಯುಧ ಎತ್ತಿ ನಿಂತಿದ್ದಾನೆ, ದೂರದಿಂದಲೇ ಯಾರು ಗೆದ್ದರು ಅಂತ ತಿಳಿಯುತ್ತದೆ. ಫೋಟೋ ತೆಗೆಯುವವರಿಗೂ ಅದೇ ಬೇಕು.

ಇನ್ನೊಂದು. ಡ್ರಾಮಾ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ಕಿರೀಟ, ಭುಜಕೀರ್ತಿ, ಎದೆಕವಚ, ಗದೆ ರಾಶಿ ಬಿದ್ದಿರುತ್ತದೆ. ಪದಾತಿಗಳಿಗೆಲ್ಲ ಹೊಸ ವೇಷ ಹೊಲಿಸುವ ಬದಲು ಒಂದು ರಾತ್ರಿಗೆ ತಂದುಬಿಡಿ. ಅನಿಮೆ ಸೈನ್ಯದ ಎದುರು ಕೌರವರ ಸೈನ್ಯ ನಿಂತರೆ ಹಾಸನದ ಜನಕ್ಕೆ ಇನ್ನೂ ಖುಷಿ.

ಬಿಳಿ ಮಂತ್ರಿ ಆಗಿದ್ದವಳು

ಹೆಣ್ಣುಮಕ್ಕಳು ಪಾತ್ರ ಮಾಡುತ್ತಿದ್ದರೆ ಇದನ್ನು ತಪ್ಪದೆ ಸಂಘಟಕರಿಗೆ ತಲುಪಿಸಿ. ಕಾದಾಟ ಕಟ್ಟುವ ಮೊದಲೇ ಇಬ್ಬರೂ ಕೂತು ಮಾತಾಡಬೇಕು. ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ, ಎತ್ತುವುದು, ಕೂದಲು ಹಿಡಿಯುವುದು ಇದೆಯೋ ಇಲ್ಲವೋ. ತಾಲೀಮಿನಲ್ಲಿ ಇಲ್ಲದ್ದು ಆಟದಲ್ಲಿ ಬರಬಾರದು. ಒಂದು ಕಡೆ ನನ್ನ ಎದುರಾಳಿ ಜನರ ಕೂಗಿಗೆ ಉಬ್ಬಿ ಹೊಸದೇನೋ ಮಾಡಲು ಬಂದ. ನಾನು ಅಲ್ಲೇ ಸತ್ತು ಬಿದ್ದೆ. ಪಾಪ, ಅವನಿಗೆ ಮುಂದೆ ಏನು ಮಾಡಬೇಕೋ ತೋಚಲಿಲ್ಲ. ಇದನ್ನು ಎಲ್ಲರಿಗೂ ಹೇಳಿಕೊಡಿ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಬಿದ್ದುಬಿಡಿ, ಆಟ ತಾನಾಗೇ ಮುಂದೆ ಹೋಗುತ್ತದೆ. ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ ಬೇಕು. ಫೋಟೋಗೆ ನಿಲ್ಲುವಾಗ ಹೆಗಲ ಮೇಲೆ ಕೈ ಹಾಕುವವರನ್ನು ನೋಡಿಕೊಳ್ಳಲು ಒಬ್ಬರು ಪಕ್ಕದಲ್ಲಿರಲಿ.

ಇದೇ ಆಟದ 16ನೇ ನಡೆ ನನಗೆ ತುಂಬಾ ಇಷ್ಟ. ಮಂತ್ರಿ ಬೇಕಂತಲೇ ಬಿ8ಕ್ಕೆ ಹೋಗಿ ಕುದುರೆ ಕೈಯಲ್ಲಿ ಸಾಯುತ್ತಾಳೆ. ಜನ ಅಯ್ಯೋ ಅಂತಾರೆ. ಮುಂದಿನ ನಡೆಗೇ ಚೆಕ್‌ಮೇಟ್. ಆ ಎರಡರ ನಡುವೆ ನಿರೂಪಕ ಬಾಯಿ ಮುಚ್ಚಿಕೊಂಡಿರಲಿ! ನಮ್ಮ ನಿರೂಪಕ ಮಹಾಶಯ "ಈಗ ನೋಡಿ ಮಜಾ" ಅಂತ ಮೊದಲೇ ಹೇಳಿ ಎಲ್ಲ ಕೆಡಿಸಿದ.

ಪದಾತಿ, ಎಚ್7

ನಾನೂ ಆ ಆಟದಲ್ಲಿ ಕದಲದವನೇ. ನಿಂತೇ ಇರುವುದು ಸುಲಭ ಅಂದುಕೊಳ್ಳಬೇಡಿ ಬ್ರದರ್. ಮಂಡಿ ಗಟ್ಟಿಯಾಗಿ ಹಿಂದಕ್ಕೆ ಒತ್ತಿ ನಿಂತರೆ ತಲೆ ಸುತ್ತಿ ಬೀಳುತ್ತೀರಿ. ಮಂಡಿ ಸ್ವಲ್ಪ ಸಡಿಲ ಬಿಡಿ, ಕಾಲ್ಬೆರಳು ಆಡಿಸುತ್ತಿರಿ, ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಿರಿ. ಮಧ್ಯಾಹ್ನ ಹೊಟ್ಟೆಗೆ ಏನಾದರೂ ಬಿದ್ದಿರಬೇಕು, ಚಿತ್ರಾನ್ನ ಆದರೂ ಸರಿ. ವೇಷ ಹಾಕುವ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ, ಆಮೇಲೆ ರೆಕ್ಕೆ ಬಿಚ್ಚಿಸಲು ಇಬ್ಬರು ಬೇಕಾಗುತ್ತದೆ. ಪಿನ್ನು, ಸೂಜಿ ದಾರ, ಫೆವಿಕ್ವಿಕ್, ಅಗಲದ ಟೇಪು, ಕಪ್ಪು ಷೂ ಲೇಸು ಒಂದು ಡಬ್ಬಿಯಲ್ಲಿ.

ಅಂದ ಹಾಗೆ, ಈ ಆಟದಲ್ಲಿ ಬಿಳಿಯ ಆರು, ಕಪ್ಪಿನ ನಾಲ್ಕು ಪದಾತಿ ಎದ್ದು ನಡೆಯುವುದೇ ಇಲ್ಲ. ಜನ ಸಾಲದಿದ್ದರೆ ಆ ಹತ್ತು ಕಡೆ ಕಟೌಟ್ ನಿಲ್ಲಿಸಬಹುದು. ಎಫ್7ರಲ್ಲಿ ಮಾತ್ರ ಮನುಷ್ಯನೇ ಇರಲಿ. ಕೊನೆಗೆ ರಾಜ ಅವನನ್ನೂ ತಳ್ಳಿ ನೋಡಬೇಕಲ್ಲ.

ಬೆಂಗಳೂರಿನಲ್ಲಿರುವ ಸಕಲೇಶಪುರದವನು

ಬರೆದಿಟ್ಟ ಆಟವೇ ಒಳ್ಳೆಯದು. ನಾನು ನಿಂತಿದ್ದ ಒಂದು ಕಡೆ ಇಬ್ಬರು ಆಟಗಾರರು ನಿಜವಾಗಿ ಆಡಿದರು. ಯಾರು ಯಾರನ್ನು ಹೊಡೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಅದಕ್ಕಾಗಿ ಎಲ್ಲರಿಗೂ ಒಂದೇ ಐದು ಏಟಿನ ಪಾಠ ಕಲಿಸಿದ್ದರು, ಯಾವ ಜೋಡಿ ಬಂದರೂ ಅದೇ. ಅಪಾಯ ಆಗಲಿಲ್ಲ, ನಿಜ. ಆದರೆ ಆಟಗಾರರು ಯೋಚನೆ ಮಾಡುತ್ತಾ ಕೂತರೆ ಬಿಸಿಲಲ್ಲಿ ಒಣಗುವವರು ನಾವು. ಇಟಲಿಯ ಮರೊಸ್ತಿಕಾ ಎಂಬ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರ್‌ನಲ್ಲಿ ಊರ ಚೌಕದಲ್ಲೇ ಮನುಷ್ಯರನ್ನು ನಿಲ್ಲಿಸಿ ಚೆಸ್ ಆಡಿಸುತ್ತಾರೆ, ಕುದುರೆಗಳು ನಿಜವಾದ ಕುದುರೆಗಳೇ. 1454ರ ಒಂದು ಪ್ರೇಮಕಥೆಯ ನೆನಪಿಗೆ ಮಾಡುವುದು. ನೋಡಬೇಕು ಅಂತ ಆಸೆ ಇದೆ.

ಜನರನ್ನು ಬಿಳಿ ಸೈನ್ಯದ ಹಿಂದೆ ಕೂರಿಸಬೇಡಿ. ಡಿ7 ಅವರಿಗೆ ಏಳನೇ ಸಾಲು, ಏನೂ ಕಾಣದು. ಪಕ್ಕಕ್ಕೆ ಕೂರಿಸಿದರೆ ಎರಡೂ ಸೈನ್ಯ ಎಡಬಲಕ್ಕೆ ಕಾಣುತ್ತವೆ. ನಾಲ್ಕೂ ಸುತ್ತ ಬೇಡ, ಮುಟ್ಟದ ಏಟು ಯಾವುದೋ ಒಂದು ಕಡೆಯಿಂದ ಬಯಲಾಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆ ಮೂರು ಅಡಿಯದೇ ಅಂತೆ. ರೆಕ್ಕೆ ಮಡಚುವುದೇ ಮಾಡುತ್ತೇನೆ. ಕಪ್ಪು ರಾಜ ಆಗುವವನು ನನ್ನ ರೂಮ್‌ಮೇಟ್, ತಳ್ಳುವ ತಾಲೀಮು ಇವತ್ತಿನಿಂದಲೇ ಶುರು ಮಾಡಿದ್ದಾನೆ. ಒಂದೇ ಅನುಮಾನ. ಹಾಸನ್ನು ಫ್ಲೆಕ್ಸ್‌ನಲ್ಲಿ ಪ್ರಿಂಟ್ ಮಾಡಿಸುತ್ತಾರಂತೆ. ಪರವಾಗಿಲ್ವಾ?

ಬಿಳಿ ಆನೆ ಆಗಿದ್ದವನು

ಬೇಡ. ಡಿಸೆಂಬರ್ ಸಂಜೆ ಹಾಸನದಲ್ಲಿ ಇಬ್ಬನಿ ಇಳಿಯುತ್ತದೆ, ಫ್ಲೆಕ್ಸ್ ಮೇಲೆ ಇಬ್ಬನಿ ಬಿದ್ದರೆ ಕಾಲು ನಿಲ್ಲದು. ಅದು ಮಡಿಕೆಯಾಗಿ ಎಡವಿಸುತ್ತದೆ ಬೇರೆ. ಮದುವೆ ಮನೆಗೆ ಹಾಸುವ ಮ್ಯಾಟ್ ಬಾಡಿಗೆಗೆ ತಂದು, ಅಗಲದ ಬಿಳಿ ಟೇಪಿನಲ್ಲಿ ಗೆರೆ ಎಳೆಯಲಿ. ಬರೀ ನೆಲದ ಮೇಲಾದರೆ ರಂಗೋಲಿ ಪುಡಿ ಸಾಕು. ಕಬಡ್ಡಿಗೆ ಹಾಕುವ ಸುಣ್ಣ ಬೇಡ, ಬಿದ್ದು ಹೊರಳುವವರ ಕಣ್ಣಿಗೆ ಹೋಗುತ್ತದೆ. ಸಾಧ್ಯವಾದರೆ ಆಟವನ್ನು ನಾಲ್ಕೂವರೆಗೇ ಶುರು ಮಾಡಿಸಿ, ಬೆಳಕಿರುವಾಗಲೇ ಮುಗಿಯುತ್ತದೆ.

ಚಿಕ್ಕಮಗಳೂರಿನಿಂದ, ವೇಷ ಹೊಲಿಯುವವಳು

ರೆಕ್ಕೆಯ ಅಳತೆ ಕಳಿಸಿ, ತಿರುಗಣೆ ಎಲ್ಲಿ ಕೂರಿಸಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಭುಜದಿಂದ ಭುಜಕ್ಕೆ ಅಳೆಯುವಾಗ ಒಳಗೆ ಸ್ವೆಟರ್ ಹಾಕಿಕೊಂಡೇ ಅಳೆಯಿರಿ.